ಮಹಡಿ ಯಜಮಾನರ ಸ್ಟೂಲು

ಹೆಬ್ಬೆರಳಿಗೆ ತಗುಲಿದ್ದು ಕಬ್ಬಿಣ, ತಣ್ಣಗಿತ್ತು, ಟಕ್ ಎಂದು ಒಮ್ಮೆ ಅಲುಗಿ ಸುಮ್ಮನಾಯಿತು, ಅಯ್ಯೋ ಅನ್ನಬೇಕಿತ್ತು, ಅನ್ನಲಿಲ್ಲ, ನೋವು ಬೇರೆ ಯಾರದೋ ಕಾಲಿನಿಂದ ಹೊರಟು ದಾರಿ ಕೇಳಿಕೊಂಡು ಬಂದ ಹಾಗೆ ತಡವಾಗಿ ಬಂತು — ಸ್ಟೂಲು, ಅದೇ ಸ್ಟೂಲು, ಈ ಕತ್ತಲ ಪ್ಯಾಸೇಜಿನಲ್ಲಿ ಇದನ್ನು ಎಡವಿ ಎಡವಿ ಗಂಡನನ್ನು ಬೈದ ಬೆಳಗುಗಳು ಎಷ್ಟೋ, ಇವತ್ತೂ ಬೈಯಲೆಂದು ಬಾಯಿ ತೆರೆದಳು, ಅಷ್ಟರಲ್ಲಿ ಒಳಕೋಣೆಯಲ್ಲಿ ಅತ್ತೆ ಕೆಮ್ಮಿದರು, ಬಾಯಿ ಮುಚ್ಚಿಕೊಂಡಳು. ನಿನ್ನೆ ಸಂಜೆಯವರೆಗೆ ಮನೆ ತುಂಬ ಜನ, ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಏನಾದ್ರೂ ತಿಂದ್ಯಾ, ಸ್ವಲ್ಪ ಮಲಕ್ಕೋ, ನೀನು ಗಟ್ಟಿಯಾಗಿರ್ಬೇಕಮ್ಮ, ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋಗಿ ಈಗ ಕಸದ ಗಾಡಿ ಎಂದಿನಂತೆ ಬಂದು ಎಂದಿನಂತೆ ಹೋಗಿದೆ, ಮೇಲಿನ ಮನೆಯ ನಲ್ಲಿ ಸುರಿಯುತ್ತಿದೆ, ಹಗ್ಗದ ಮೇಲೆ ಅವನ ಸಮವಸ್ತ್ರದ ಅಂಗಿ, ಅವಳೇ ಒಗೆದು ಹಾಕಿದ್ದು, ಯಾಕೆ ಒಗೆದಳೋ, ಸೋಮವಾರದ ಪಾಳಿಗೆ ಬೇಕಾಗುತ್ತದೆ ಎಂದು ಕೈಗೆ ಗೊತ್ತಿತ್ತು, ಕೈಗೆ ಇನ್ನೂ ಯಾರೂ ಸುದ್ದಿ ಹೇಳಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲ. ಅವನು ಕೆಲಸ ಮಾಡುತ್ತಿದ್ದ ಮಾನಸಿಕ ಆರೋಗ್ಯ ಕೇಂದ್ರದವರು ಅವನ ಸಾಮಾನನ್ನು ಅದರಲ್ಲಿ ಹಾಕಿ ಕೊಟ್ಟರು, ಬಿಡುಗಡೆಯಾಗುವ ರೋಗಿಗಳಿಗೆ ಅವರ ಬೆಲ್ಟು, ಬಾಚಣಿಗೆ ವಾಪಸು ಕೊಡುವ ಚೀಲವೇ ಅದು, ಅವನೇ ಇಂಥ ಚೀಲಗಳನ್ನು ಎಷ್ಟು ಕೊಟ್ಟಿದ್ದನೋ — ಒಳಗೆ ಊಟದ ಡಬ್ಬಿ, ಗುರುತಿನ ಚೀಟಿ, ಅಂಟುಬಿಲ್ಲೆಗಳ ಒಂದು ಹಾಳೆ. ಹಾಳೆಯಲ್ಲಿ ಕೆಂಪು ಬಿಲ್ಲೆಗಳ ಸಾಲು ತುಂಬಿಕೊಂಡಿದೆ, ಹಳದಿ ಸಾಲೂ ತುಂಬಿಕೊಂಡಿದೆ, ಹಸಿರು ಸಾಲಿನಲ್ಲಿ ಬರೀ ಕಿತ್ತ ಗುಂಡು ಗುಂಡು ಗುರುತು.

ಹಸಿರು. ಸಿಬ್ಬಂದಿ ಕ್ಷೇಮ ಎಂಬ ಹೆಸರಿನಲ್ಲಿ ಕೇಂದ್ರದ ಅಧೀಕ್ಷಕಿ ತಂದ ಹೊಸ ಪದ್ಧತಿ, ಸಿಬ್ಬಂದಿ ಒಳಬರುವ ಬಾಗಿಲ ಪಕ್ಕ ಒಂದು ಹಲಗೆ, ಬೆಳಿಗ್ಗೆ ಬಂದವರು ತಮ್ಮ ಹೆಸರಿನ ಮುಂದೆ ಒಂದು ಬಿಲ್ಲೆ ಅಂಟಿಸಬೇಕು, ಹಸಿರೆಂದರೆ ಚೆನ್ನಾಗಿದ್ದೇನೆ, ಹಳದಿಯೆಂದರೆ ಪರವಾಗಿಲ್ಲ, ಕೆಂಪೆಂದರೆ ಯಾರಾದರೂ ನನ್ನನ್ನು ಮಾತಾಡಿಸಿ, ಮನೆಗೆ ಹೊರಡುವಾಗ ಕಿತ್ತುಕೊಂಡು ಹೋಗಬೇಕು. ಕೆಂಪು ಹಾಕಿದ್ರೆ ಏನಾಗತ್ತೆ, ಕೇಳಿದ್ದಳು. ಏನಾಗತ್ತೆ, ಕೆಂಪು ಹಾಕಿದವನ ಪಾಳಿ ಹಸಿರು ಹಾಕಿದವನ ತಲೆಗೆ ಬರತ್ತೆ, ಮರುದಿನ ಅವನೂ ಕೆಂಪು, ಆಮೇಲೆ ರೋಗಿಗಳೇ ನಮ್ಮನ್ನ ನೋಡ್ಕೋಬೇಕು — ನಕ್ಕಿದ್ದ, ಡಬ್ಬಿ ತೊಳೆಯುತ್ತ ನಕ್ಕಿದ್ದ. ಉಸಿರಾಟದ ತರಗತಿಯೂ ಬಂತು, ಊಟದ ಬಿಡುವಿನಲ್ಲೇ, ಊಟ ಬಿಟ್ಟು ನೆಮ್ಮದಿಯಾಗಿ ಉಸಿರಾಡುವುದನ್ನು ಕಲಿಸಿದರು. ಮನೆಯಲ್ಲೂ ಅದೇ ಮಾತಾಯಿತು, ಹೇಗಿದ್ದೀಯೋ, ಹಸಿರು, ಊಟ ಸಾಕಾ, ಹಸಿರು, ಯಾಕೋ ಮುಖ ಬಾಡಿದೆಯಲ್ಲ, ಹಸಿರು ಕಣೇ ಹಸಿರು, ಕಣ್ಣು ತೋರಿಸ್ಕೋ ನೀನು — ಅವಳಿಗೂ ನಗು ಬರುತ್ತಿತ್ತು, ನಗು ಬಂದ ಮೇಲೆ ಇನ್ನೊಮ್ಮೆ ಕೇಳುವುದು ಹೇಗೆ. ಎರಡು ಪಾಳಿ ಬೆನ್ನಿಗೆ ಬೆನ್ನು ಮುಗಿಸಿ ಹಾಸಿಗೆ ಬಟ್ಟೆಯ ಕೋಣೆಯ ಮುಂದೆ ಬಿದ್ದನಂತೆ, ಸುತ್ತ ವೈದ್ಯರೇ, ಆದರೆ ಮನಸ್ಸಿನ ವೈದ್ಯರು, ಹೃದಯದವರು ಊರಿನ ಆ ತುದಿಯಲ್ಲಿ. ಕೊನೇ ದಿನಾನೂ ಹಸಿರೇ ಹಾಕಿದ್ರು ಗೊತ್ತಾ, ಎಂದರು ಅಧೀಕ್ಷಕಿ ಅಂತ್ಯಕ್ರಿಯೆಯಲ್ಲಿ, ಅವಳ ಕೈ ಹಿಡಿದುಕೊಂಡು, ಬಹುಮಾನದ ಹಾಗೆ ಎಂದರು, ಆ ಬಿಲ್ಲೇನ ನಾವು ತೆಗೆದಿಲ್ಲ, ಹಾಗೇ ಬಿಟ್ಟಿದೀವಿ.

ಫೋನು. ಅವರೇ. ಹೇಗಿದ್ದೀರಿ ಅಂತ ಕೇಳಲ್ಲ ನಾನು, ಕೇಳೋ ಸಮಯ ಅಲ್ಲ ಇದು, ಅಧೀಕ್ಷಕಿಯ ದನಿ ಹತ್ತಿ ಸುತ್ತಿದಂತಿದೆ, ನೋಡಿ, ಮುಂದಿನ ವಾರ ನಮ್ಮ ಸಮುದಾಯ ದಿನ, ನಿಮ್ಮ ಯಜಮಾನರು ಶುರು ಮಾಡಿದ್ದನ್ನ ಈಗ ಯೋಜನೆ ಮಾಡ್ತಿದೀವಿ, ಎರವಲು ಬಾಂಧವ್ಯ ಅಂತ ಹೆಸರು, ಅವ್ರ ಫೋಟೋ ಇದೆ ನಮ್ಹತ್ರ, ಆ ಸ್ಟೂಲೊಂದು ಸಿಕ್ಕಿದ್ರೆ ವೇದಿಕೆ ಮೇಲೆ ಇಟ್ಟು, ಆಮೇಲೆ ಸ್ವಾಗತ ಕೋಣೇಲಿ ಗಾಜಿನ ಪೆಟ್ಟಿಗೆ ಮಾಡಿಸ್ತೀವಿ, ಮಧ್ಯಾಹ್ನ ವ್ಯಾನ್ ಕಳಿಸ್ಲಾ. ಅದು ನಮ್ಮದಲ್ಲ, ಎಂದಳು ಅವಳು, ಮಹಡಿ ಯಜಮಾನರದು. ಒಂದು ಕ್ಷಣ ಹತ್ತಿ ಬಿಚ್ಚಿತು. ಅವ್ರಿಗೆ ನಾವಿನ್ನೂ ವಿಷಯ ತಿಳಿಸಿಲ್ಲ, ಅದಕ್ಕೊಂದು ಕ್ರಮ ಇದೆ, ಹಂತ ಹಂತವಾಗಿ ತಿಳಿಸ್ಬೇಕು, ಸದ್ಯಕ್ಕೆ ರಜೇಲಿದಾರೆ ಅಂದಿದೀವಿ, ನೀವು ದಯವಿಟ್ಟು ಸ್ಟೂಲ್ ಮಾತ್ರ ವಾಪಸ್ ಕೊಡೋಕೆ ಹೋಗ್ಬೇಡಿ, ಮತ್ತೆ ಬೀರು ಒಳಗೆ ಕೂತ್ಕೋತಾರೆ, ನಿಮ್ಮ ಯಜಮಾನರ ಕಷ್ಟವೆಲ್ಲ ನೀರಲ್ಲಿ ಹೋಮ ಆಗತ್ತೆ. ಆಯ್ತು, ಎಂದಳೋ ಇಲ್ಲವೋ. ರಜೆಯಲ್ಲಿದ್ದಾನೆ. ಬದುಕಿದ್ದಾಗ ಒಂದು ದಿನ ಸಿಗದ ರಜೆ.

ಬೀರುವಿನೊಳಗೆ — ಹೌದು, ಅಲ್ಲಿಂದಲೇ ಬಂದದ್ದು ಈ ಸ್ಟೂಲು. ಮಹಡಿ ಯಜಮಾನರು ಎಂದು ಅವನೇ ಇಟ್ಟ ಹೆಸರು, ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುತ್ತಿದ್ದವರು, ಗುಂಡಿ ಒತ್ತಿದರೆ ತಾನೇ ಹೋಗುವ ಲಿಫ್ಟು ಬಂದ ಮೇಲೆ ಅವರನ್ನು ಕಳಿಸಿದರು, ಕೂರುತ್ತಿದ್ದ ಕಬ್ಬಿಣದ ಸ್ಟೂಲನ್ನು ನೆನಪಿಗೆಂದು ಕೊಟ್ಟರು. ಅದನ್ನು ಬೀರುವಿನೊಳಗಿಟ್ಟು, ಬಾಗಿಲು ಎಳೆದುಕೊಂಡು, ಊಟ ಬಿಟ್ಟು, ನಿದ್ದೆ ಬಿಟ್ಟು, ಬೀರುವೇ ಲಿಫ್ಟು, ಮೇಲೆ ಕೆಳಗೆ ಮೇಲೆ ಕೆಳಗೆ. ವಾರ್ಡಿನಲ್ಲಿ ಕೆಲವು ತಿಂಗಳಿದ್ದು ಗುಣವಾಗಿ ಮನೆಗೆ ಹೋದರು, ಹೋದವರು ಚಿಕಿತ್ಸೆಗೆ ತಿರುಗಿ ಬರುವುದಿಲ್ಲ, ಯಾರೂ ಬರುವುದಿಲ್ಲ, ಎಂದಿದ್ದ ಅವನು, ಯಾಕೆ ಬರ್ತಾರೆ ಹೇಳು, ಯಾವಾಗ್ಲೂ ಕೊಡೋರು ನಾವು, ಕೈ ಚಾಚೋರು ಅವ್ರು, ನಾನೇ ಅವ್ರ ಹತ್ರ ಏನಾದ್ರೂ ಇಸ್ಕೊಂಡು ಬಂದ್ರೆ ವಾಪಸ್ ಕೇಳೋಕಾದ್ರೂ ತಲೆ ಎತ್ಕೊಂಡು ಬರ್ತಾರೆ. ಹಾಗೆ ಇಸ್ಕೊಂಡು ಬರತೊಡಗಿದ, ಒಬ್ಬರ ಛತ್ರಿ, ಒಬ್ಬರ ಜರಡಿ, ಯಾರದೋ ಸೈಕಲ್ ಪಂಪು, ಅವಳು ಕೆಲಸ ಮಾಡುವುದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ನಮ್ಮಲ್ಲಿ ತಗೊಂಡವರು ವಾಪಸ್ ಕೊಡ್ತಾರಪ್ಪ ಎಂದರೆ, ಅದಕ್ಕೇ ನಿಮ್ಮಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ಆದರೆ ಸುಳ್ಳು ಹೇಳುವವನಲ್ಲ. ಯಜಮಾನ್ರೇ, ನಮ್ಮನೆ ಪ್ಯಾಸೇಜಲ್ಲಿ ಬಲ್ಬ್ ಹೋಗಿದೆ, ಕೈ ಎಟಕಲ್ಲ, ಬಲ್ಬ್ ಹಾಕೋವರೆಗೆ ನಿಮ್ಮ ಸ್ಟೂಲ್ ಕೊಡ್ತೀರಾ — ಅಂದು ತಂದವನು ಬಲ್ಬನ್ನು ಹಾಕಲೇ ಇಲ್ಲ, ಹಾಕಿದ ದಿನ ಸ್ಟೂಲು ಹಿಂದಿರುಗಬೇಕಲ್ಲ, ಗುರುವಾರ ಗುರುವಾರ ಅವರು ಕೇಂದ್ರಕ್ಕೆ ಬರುತ್ತಾರೆ, ಬಲ್ಬ್ ಹಾಕಿದ್ರಾ, ಇಲ್ಲ ಯಜಮಾನ್ರೇ, ಎಂಥ ಗಂಡಸು ರೀ ನೀವು, ಹಾಗೇ ಮಾತ್ರೆ ತೆಗೆದುಕೊಂಡು ಹೋಗುತ್ತಾರೆ. ಅವಳು ಎಡವಬೇಕು. ಎರಡು ಸಲ ತಾನೇ ಬಲ್ಬು ಕೊಂಡು ತಂದಳು, ಎರಡನ್ನೂ ಅಡುಗೆಮನೆಯ ಡ್ರಾಯರಿನಲ್ಲಿ ಬಚ್ಚಿಟ್ಟ. ನಿಂಗೆ ಹೆಂಡತಿ ಬೆರಳಿಗಿಂತ ಆ ಮುದುಕನ ಬೀರು ಹೆಚ್ಚಾ ಎಂದು ಜಗಳ ತೆಗೆದ ರಾತ್ರಿ ಅವನು ಕತ್ತಲಲ್ಲಿ ಸ್ಟೂಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಏನೋ ಮಾಡುತ್ತಿದ್ದ, ದಿನಾ ಬಂದ ಕೂಡಲೇ ಹಾಗೆ ಕೂರುತ್ತಿದ್ದ, ಏನ್ ಮಾಡ್ತಿದೀಯ ಅಲ್ಲಿ, ಸಮ ಮಾಡ್ತಿದೀನಿ, ಒಂದು ಕಾಲು ಗಿಡ್ಡ ಇದಕ್ಕೆ, ಅಲ್ಲಾಡತ್ತೆ. ಮಾಡ್ಕೋ, ಅಂದಿದ್ದಳು. ಹೋಗಿ ನೋಡಿರಲಿಲ್ಲ.

ಡ್ರಾಯರಿನಲ್ಲಿ ಬಲ್ಬು ಇದೆ, ಡಬ್ಬಿಯ ಸಮೇತ. ಸ್ಟೂಲು ಹತ್ತಿದಳು, ಟಕ್, ಬಂದ ಹೊಸತರಲ್ಲಿ ಬೀಳಿಸುವಷ್ಟು ಅಲ್ಲಾಡುತ್ತಿತ್ತು, ಈಗ ಕೂದಲೆಳೆಯಷ್ಟು, ಹಳೆಯ ಬಲ್ಬು ತಿರುಗಿಸಿದರೆ ಒಳಗೆ ತಂತಿ ತುಂಡು ಕಿಣಿ ಕಿಣಿ ಅಂದಿತು, ಹೊಸದನ್ನು ಕೂರಿಸಿ ಗುಂಡಿ ಒತ್ತಿದಳು — ಬೆಳಕು, ಇಷ್ಟು ಸುಲಭ, ಗೋಡೆಯ ಮೇಲೆ ಅವನ ಎಣ್ಣೆಕೈ ಗುರುತು, ಕತ್ತಲಲ್ಲಿ ತಡವಿಕೊಂಡು ಬರುತ್ತಿದ್ದುದು, ಒಂದರ ಪಕ್ಕ ಒಂದು, ಕೋಣೆಯವರೆಗೂ. ಅತ್ತೆ ಬಾಗಿಲಿಗೆ ಬಂದು ಕಣ್ಣು ಕಿರಿದು ಮಾಡಿ ನಿಂತರು. ಯಾರು ಹಾಕಿದ್ದು. ನಾನೇ. ಅವನು ಬೇಡ ಅಂದಿದ್ನಲ್ಲ. ಹೂಂ. ಅತ್ತೆ ದೀಪ ನೋಡುತ್ತಲೇ ಇದ್ದರು, ಆಮೇಲೆ, ಹಾಗಾದ್ರೆ ಕೊಟ್ಟು ಬಾ. ವ್ಯಾನ್ ಬರತ್ತಂತೆ ಅತ್ತೆ, ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಬರ್ಲಿ ಬಿಡು, ನಾನೇ ಹತ್ತಿ ಕೂತ್ಕೋತೀನಿ, ಹೆತ್ತಿದ್ದು ನಾನು, ನನ್ನನ್ನೇ ಇಡ್ಲಿ ಪೆಟ್ಟಿಗೇಲಿ — ಅತ್ತೆ ನಗಲಿಲ್ಲ, ಅವಳೂ ನಗಲಿಲ್ಲ, ಸ್ಟೂಲನ್ನು ಎತ್ತಿ ಭುಜಕ್ಕೇರಿಸಿದಳು.

ಬೀದಿಯಲ್ಲಿ ಸ್ಟೂಲು ಹೊತ್ತ ಹೆಂಗಸನ್ನು ಯಾರೂ ನೋಡುವುದಿಲ್ಲ, ನೋಡಿದವರು ಮನೆ ಬದಲಾಯಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಕಬ್ಬಿಣ ಭುಜ ಒತ್ತುತ್ತಿದೆ, ಕೊಡಬೇಡಿ ಅಂದರು, ಕೊಟ್ಟರೆ ಮುದುಕ ಬೀರು ಸೇರುತ್ತಾನೆ, ಕೊಡದಿದ್ದರೆ ಸತ್ತವನು ರಜೆಯಲ್ಲೇ ಇರುತ್ತಾನೆ, ಗುರುವಾರ ಬಂದು ಬಲ್ಬ್ ಹಾಕಿದ್ರಾ ಎಂದು ಯಾರನ್ನು ಕೇಳುತ್ತಾರೆ, ಹಲಗೆಯನ್ನೇ, ತಪ್ಪು ಮಾಡುತ್ತಿದ್ದೇನಾ, ಮಾಡುತ್ತಿದ್ದರೆ ಅವನು ಬೈಯಲಿ, ಬಂದು ಬೈಯಲಿ. ಔಷಧಿ ಅಂಗಡಿಯ ಹಿಂದಿನ ಓಣಿ, ನೆಲಮಹಡಿಯ ಒಂದೇ ಕೋಣೆ, ಬಾಗಿಲು ತೆಗೆದವರ ಕೈ ಎರಡೂ ನಡುಗುತ್ತಿದ್ದವು, ಎಲೆ ನಡುಗಿದಂತೆ, ನಿಲ್ಲದೆ. ಸ್ಟೂಲು ನೋಡಿದರು, ಅವಳನ್ನು ನೋಡಿದರು, ಅವಳ ಹಿಂದೆ ಖಾಲಿ ಓಣಿಯನ್ನು ನೋಡಿದರು. ಬಲ್ಬ್ ಹಾಕಿದ್ರಾ. ಹಾಕ್ದೆ, ಎಂದಳು, ನಾನೇ ಹಾಕ್ದೆ. ಅಷ್ಟೇ ಹೇಳಿದ್ದು, ಹಂತ ಹಂತವಾಗಿ ಅಂದಿದ್ದರಲ್ಲ, ಒಂದೇ ಹಂತದಲ್ಲಿ ಮುಗಿಯಿತು. ಮಹಡಿ ಯಜಮಾನರು ಗೋಡೆ ಹಿಡಿದುಕೊಂಡರು, ಯಾವಾಗ, ಮೂರು ದಿನ ಆಯ್ತು, ಎದೆನಾ, ಹೂಂ, ಎದೆ — ನಿಮಗೆ ಹೇಗೆ ಗೊತ್ತು.

ನಂಗೆ ಹೇಳಿದ್ದ ಕಣಮ್ಮ. ಎಡಗಡೆ ಒತ್ತತ್ತೆ ಯಜಮಾನ್ರೇ, ಮೂರನೇ ಮಹಡೀಲಿ ಲಿಫ್ಟ್ ಸಿಕ್ಕಾಕ್ಕೊಂಡಂಗೆ ಆಗತ್ತೆ ಅಂದ. ನಿಮ್ಮ ಡಾಕ್ಟ್ರಿಗೆ ತೋರ್ಸೋ ಅಂದೆ, ಪಾಳಿ ಯಾರು ಮಾಡ್ತಾರೆ ಅಂದ, ಹೆಂಡ್ತಿಗೆ ಹೇಳೋ ಅಂದೆ, ಅವಳಿಗೆ ಬೆರಳು ಎಡವಿದ್ರೇ ನಿದ್ದೆ ಬರಲ್ಲ, ಬೇಡ ಅಂದ. ಅವಳು ಚೌಕಟ್ಟಿಗೆ ಒರಗಿದಳು, ಕೇಳಿಸಿಕೊಳ್ಳುತ್ತಿದ್ದಾಳೆ, ಕಿವಿಗೆ ಬೀಳುತ್ತಿದೆ, ಒಳಗೆ ಹೋಗುತ್ತಿಲ್ಲ, ಅವಳಿಗೆ ಹಸಿರು, ಹಲಗೆಗೆ ಹಸಿರು, ಇವರಿಗೆ ಮಾತ್ರ ನಿಜ. ನಾನು ಸುಮ್ನೆ ಕೂರ್ಲಿಲ್ಲಮ್ಮ, ಮಹಡಿ ಯಜಮಾನರ ದನಿ ಗಟ್ಟಿಯಾಯಿತು, ಹೋದ ಗುರುವಾರ ಹೋಗಿ ಕೇಂದ್ರದ ಆ ದೊಡ್ಡಮ್ಮನ್ನೇ ಕಂಡೆ, ನಿಮ್ಮ ಹುಡುಗನಿಗೆ ಎದೆನೋವಿದೆ, ಇವತ್ತೇ ಕಳಿಸಿ ಅಂದೆ, ಹಲಗೆ ತೋರ್ಸಿದ್ಲು, ನೋಡಿ ಹಸಿರಿದೆ, ನೀವು ಗಾಬರಿಯಾಗ್ಬೇಡಿ ಅಂದ್ಲು, ನಾನು ಬಿಡ್ಲಿಲ್ಲ, ಕೂಗಾಡ್ದೆ, ಆಮೇಲೆ ಕೂರಿಸಿ ಏನೇನೋ ಕೇಳಿದ್ರು, ಬೇರೆಯವರ ನೋವು ನಿಮಗೆ ಕೇಳ್ಸತ್ತಾ, ಎಷ್ಟು ದಿನದಿಂದ ಕೇಳ್ಸತ್ತೆ, ಕಾಯಿಲೆ ಮರುಕಳಿಸಿದೆ ಅಂದ್ಕೊಂಡು ಮಾತ್ರೆ ಎರಡರಷ್ಟು ಮಾಡಿದ್ರು, ನೋಡು — ಕೈ ಚಾಚಿದರು, ಎರಡೂ ಕೈ, ಗಾಳಿಯಲ್ಲಿ ನಡುಗುತ್ತ, ಅವಳ ಮುಂದೆ. ಹಿಡಿದುಕೊಳ್ಳಬೇಕಿತ್ತು. ಸ್ಟೂಲು ಇತ್ತು ಕೈಯಲ್ಲಿ. ಸ್ಟೂಲನ್ನೇ ಕೊಟ್ಟಳು. ಕೊಟ್ಟವರು ವಾಪಸು ಬಂದದ್ದನ್ನು ನೋಡುವ ಹಾಗೆಯೇ ನೋಡಿದರು ಅವರು, ತುಕ್ಕು ನೋಡಿದರು, ಸೀಟು ಸವರಿದರು, ಬೀರುವಿನ ಬಾಗಿಲು ಅರೆ ತೆರೆದಿದೆ, ಒಳಗೆ ಒಂದು ಕೋಟು ನೇತಾಡುತ್ತಿದೆ, ಅತ್ತ ಒಯ್ಯುತ್ತಾರೆಂದುಕೊಂಡಳು, ಒಯ್ಯಲಿಲ್ಲ, ಬಾಗಿಲ ಬಳಿ ಬೆಳಕಿಗೆ ಇಟ್ಟು ಒಮ್ಮೆ ಒತ್ತಿ ನೋಡಿದರು, ಟಕ್, ಚೂರೇ ಚೂರು. ಅಲ್ಲಾಡ್ತಿತ್ತಲ್ಲ ಇದು, ಎಂದರು, ಏನ್ ಮಾಡ್ದ ಇದಕ್ಕೆ — ಬೋರಲು ಹಾಕಿದರು, ನಾಲ್ಕು ಕಾಲು ಮೇಲಾದವು, ಗಿಡ್ಡ ಕಾಲಿನ ತುದಿಯಲ್ಲಿ ಒಂದು ಗುಂಡಗಿನ ಹಸಿರು, ಬಿಲ್ಲೆ, ಹಲಗೆಯಿಂದ ಸಂಜೆ ಸಂಜೆ ಕಿತ್ತು ತಂದ ಬಿಲ್ಲೆ, ಯಜಮಾನರ ನಡುಗುವ ಉಗುರು ಅದರ ಅಂಚು ಎಬ್ಬಿಸಿತು, ಕೆಳಗೆ ಇನ್ನೊಂದು, ಅದರ ಕೆಳಗೆ ಇನ್ನೊಂದು, ಒತ್ತಿ ಒತ್ತಿ ಕಲ್ಲಿನಷ್ಟು ಗಟ್ಟಿಯಾದದ್ದು, ಸಮ ಮಾಡ್ತಿದೀನಿ, ಮಾಡ್ಕೋ ಅಂದಿದ್ದಳು, ಇನ್ನೊಂದು ಬಿಲ್ಲೆಯಿದ್ದರೆ ಸಮವಾಗುತ್ತಿತ್ತು, ಅದೊಂದು ಅಲ್ಲಿ ಹಲಗೆಯ ಮೇಲೆ, ಅವನ ಹೆಸರಿನ ಮುಂದೆ, ತೆಗೆಯದೆ ಬಿಟ್ಟದ್ದು, ಹಸಿರು, ಅದರ ಕೆಳಗೆ ಹಸಿರು, ಅದರ ಕೆಳಗೆ