ಅಪ್ಪ ಬರೆಸಿದ ವಯಸ್ಸು

"ಏನಪಾ, ನೌಕರಿ ಕೇಳ್ಲಿಕ್ಕೆ ಬಂದೀಯೋ, ಪೆನ್ಶನ್ ಕೇಳ್ಲಿಕ್ಕೆ ಬಂದೀಯೋ?"

ಹೆಡ್ ಕ್ಲಾರ್ಕ್ ವ್ಯಾಸರಾಜ ನನ್ನ ಶಾಲೆಯ ದಾಖಲೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ನಾಗಪುರದ ರೈಲ್ವೆ ಶೆಡ್ಡಿನ ವರಾಂಡದಲ್ಲಿ ಸಾಲುಗಟ್ಟಿದ್ದ ಐವತ್ತು ಜನ ನಕ್ಕರು. ಕನ್ನಡ ಬಾರದವರಿಗೆ ಅವನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿ ನಗಿಸಿದ.

ಶೆಡ್ಡಿನ ನೌಕರರ ಮಕ್ಕಳಿಗೆಂದೇ ಹನ್ನೆರಡು ಖಲಾಸಿ ಜಾಗ, ಫಿಟ್ಟರರ ಕೈಯಾಳಿನ ಕೆಲಸ, ಬಂದಿದ್ದವು. ೧೯೫೬ರ ಜುಲೈ ಒಂದಕ್ಕೆ ಇಪ್ಪತ್ತೈದು ವರ್ಷ ದಾಟಿರಬಾರದು. ನನ್ನ ಕಾಗದದಲ್ಲಿ ಹುಟ್ಟಿದ ದಿನ ಜೂನ್ ಒಂದು, ೧೯೩೧ ಎಂದಿತ್ತು. ಒಂದೇ ತಿಂಗಳು ಹೆಚ್ಚು.

"ಅದು ಸುಳ್ಳರಿ ಸಾಹೇಬ್ರ. ನನಗ ಇಪ್ಪತ್ಮೂರು."

"ಹಂಗಾರ ಬರೆಸಿದಾಂವ ಬಂದು ಹೇಳ್ಲಿ. ಮೂರು ಗಂಟೇಕ್ಕ ಯಾದಿ ಬಂದ್ ಆಗ್ತದ. ಜಲ್ದಿ!"

ಬರೆಸಿದವನು ನನ್ನಪ್ಪ ಮರಿಯಪ್ಪ, ಅದೇ ಶೆಡ್ಡಿನ ಫಿಟ್ಟರ್. ನಾವು ಗದುಗಿನಲ್ಲಿದ್ದಾಗ ಯಾರ ಹತ್ತಿರವೂ ಹುಟ್ಟಿದ ದಿನದ ಕಾಗದವಿರಲಿಲ್ಲ. ಹುಡುಗನ ಬಲಗೈ ತಲೆಯ ಮೇಲಿಂದ ಹಾದು ಎಡಕಿವಿ ಮುಟ್ಟಿದರೆ ಆರು ವರ್ಷ ಎಂದು ಮಾಸ್ತರರು ಬರೆದುಕೊಳ್ಳುತ್ತಿದ್ದರು. ನನಗೆ ನಾಲ್ಕು. ಮುಟ್ಟಲಿಲ್ಲ. ಅಪ್ಪ ನನ್ನ ತಲೆಯನ್ನು ಅಂಗೈಯಿಂದ ಒತ್ತಿ ವಾಲಿಸಿದ. ಬೆರಳು ಕಿವಿಗೆ ತಗಲಿತು. ಮಗ ಬೇಗ ಕಲಿತು ಬೇಗ ನೌಕರಿ ಹಿಡಿಯಲೆಂಬ ಆತುರ. ನಾಗಪುರಕ್ಕೆ ಬಂದ ಮೇಲೆ ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದವನೂ ಅವನೇ. "ಬರೂ ವರ್ಷ ಶೆಡ್ಡಿನಾಗ ತಗೊಂತಾರ" ಎಂದ. ಪ್ರತಿ ವರ್ಷವೂ ಅದನ್ನೇ ಎಂದ. ಹನ್ನೊಂದು ವರ್ಷ ಇತವಾರಿಯ ಕಾಳಿನ ಪೇಟೆಯಲ್ಲೇ ಹೋದವು, ಮೊದಲು ಚೆಲ್ಲಿದ ಕಾಳು ಗುಡಿಸುತ್ತ, ಆಮೇಲೆ ಚೀಲ ಹೊರುತ್ತ. ಅಲ್ಲಿ ನಲವತ್ತು ದಾಟಿದ ಹಮಾಲನೊಬ್ಬನೂ ನೆಟ್ಟಗೆ ನಿಲ್ಲುವುದನ್ನು ನಾನು ಕಂಡಿಲ್ಲ.

ಓಡಿಹೋಗಿ ಅಪ್ಪನನ್ನು ಎಳೆದುತಂದೆ. ಅವನ ಕೈಗೆಲ್ಲ ಗ್ರೀಸು.

"ಮರಿಯಪ್ಪ, ಮಗನ ವಯಸ್ಸು ಸುಳ್ಳು ಬರೆಸಿದ್ದು ಖರೇನ? ಖರೆ ಅಂದ್ರ ಇಲ್ಲೆ ಸಹಿ ಮಾಡು, ಸಾಹೇಬ್ರು ವಿಚಾರ ಮಾಡ್ತಾರ," ಎಂದ ವ್ಯಾಸರಾಜ. ಅಪ್ಪ ಕೈ ಒರೆಸಿಕೊಂಡು ಪೆನ್ನು ಹಿಡಿದ. ವ್ಯಾಸರಾಜ ಕನ್ನಡಕದ ಮೇಲಿಂದ ನೋಡಿದ. "ಒಂದು ಸುಳ್ಳು ಬರೆಸಿದಾಂವ ಇನ್ನೆಷ್ಟು ಬರೆಸ್ಯಾನೋ! ನಿನ್ನ ಸರ್ವಿಸ್ ಬುಕ್ಕೂ ಒಮ್ಮೆ ತೆಗೆಸಿ ನೋಡಬೇಕಾಗ್ತದ."

ಪೆನ್ನು ನಿಂತಿತು. ಯಾಕೆಂದು ನನಗೆ ಗೊತ್ತಿತ್ತು. ನೌಕರಿಗೆ ಸೇರುವಾಗ ಅಪ್ಪ ತನ್ನ ವಯಸ್ಸನ್ನು ನಾಲ್ಕು ವರ್ಷ ಇಳಿಸಿ ಬರೆಸಿದ್ದ. ನಿಜವಾದ ವಯಸ್ಸಿನ ಲೆಕ್ಕದಲ್ಲಿ ಎರಡು ವರ್ಷದ ಹಿಂದೆಯೇ ಅವನು ನಿವೃತ್ತನಾಗಿ ಮನೆಯಲ್ಲಿ ಕೂರಬೇಕಿತ್ತು. ಬುಕ್ಕಿನಲ್ಲಿ ಇನ್ನೂ ಎರಡು ವರ್ಷ ಬಾಕಿ. ನನ್ನನ್ನು ಮುದುಕನನ್ನಾಗಿ ಮಾಡಿ ತಾನು ಹರೆಯದವನಾಗಿದ್ದ!

"ಹೇಳು ಅಪ್ಪಾ," ಎಂದೆ.

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. "ಕಾಗದದಾಗ ಇದ್ದದ್ದ ಬರೋಬರ್ ಐತ್ರಿ."

ವ್ಯಾಸರಾಜ ನನ್ನ ಹೆಸರಿನ ಮೇಲೆ ಗೆರೆ ಎಳೆದ. "ಚಲೋ, ಮುಂದಿನಾಂವ!"

ಗೇಟಿನ ಹತ್ತಿರ ಅಪ್ಪ ಏದುಸಿರು ಬಿಡುತ್ತ ಹಿಂದೆ ಬಂದ.

"ಹನುಮಂತಾ, ನಿಲ್ಲೋ! ನನ್ನ ನೌಕರಿ ಹೋದ್ರ ಕ್ವಾರ್ಟರ್ಸ್ ಬಿಡಿಸ್ತಾರ. ನಿನ್ನ ತಂಗಿ ಕಲಾವತಿ ಲಗ್ನ ಆಗೂತನಾ ತಡಿ. ಎರಡ ವರ್ಷ. ಆಮ್ಯಾಲೆ ಯಾರದರೆ ಕೈಕಾಲು ಹಿಡದು ನಿನ್ನ ಸೇರಸ್ತೀನಿ. ನೀ ಇನ್ನೂ ಸಣ್ಣಾಂವ, ನಿನಗೇನವಸರ?"

ನನ್ನ ಎರಡು ವರ್ಷ ನುಂಗಿದವನು ಇನ್ನೆರಡು ಕೇಳುತ್ತಿದ್ದ. ಅಷ್ಟರಲ್ಲಿ ಕಾಗದದ ಮೇಲೆ ನನಗೆ ಇಪ್ಪತ್ತೇಳು. ಬಾಯಿ ತೆರೆದರೆ ಅವನು ಜನ್ಮದಲ್ಲಿ ಮರೆಯದ ಮಾತು ಬರುತ್ತಿತ್ತು. ಚೀಲ ಹೊರಲು ಇತವಾರಿಯ ಕಡೆಗೆ ನಡೆದೆ. ಅವನು ಕೂಗುತ್ತಲೇ ಇದ್ದ.