ಬಿಸಿನೀರಿನ ಉಪಕಾರ

“ಬೆರಳು ತಾನೇ ಮುಂಡೇದೆ, ತಲೆ ಹೋದವಳ ಹಾಗೆ ಯಾಕೆ ಅರಚ್ತೀಯ?”

ಆಸ್ಪತ್ರೆಯ ಬಾಗಿಲಲ್ಲೇ ಮೇಸ್ತ್ರಿ ಗದರಿದ. ಮೀನಿನ ಕಾರ್ಖಾನೆಯ ಫ್ರೀಜರ್ ಕೋಣೆಯಲ್ಲಿ ಜೊತೆಗೆ ಪೆಟ್ಟಿಗೆ ಜೋಡಿಸುವ ಹೆಂಗಸರು ಅವಳಿಗೆ ಕೆಂಡಕ್ಕ ಎಂದು ಹೆಸರಿಟ್ಟಿದ್ದರು. ಕೈ ಮರಗಟ್ಟಿದರೂ ಅವಳ ಬಾಯಿ ಆರುತ್ತಿರಲಿಲ್ಲ. ಈಗ ಬಲಗೈ ಬೆರಳುಗಳು ಊದಿ, ಬೊಬ್ಬೆಯೆದ್ದು, ತುದಿಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಅದೇ ಕೋಣೆಯಲ್ಲಿ ದುಡಿಯುವ ನಾದಿನಿ ಅವಳ ಸೊಂಟ ಬಳಸಿ ಒಳಗೆ ಕರೆತಂದಳು.

“ಏನಾಯ್ತು?” ಎಂದರು ಡಾಕ್ಟರಮ್ಮ.

ಮೇಸ್ತ್ರಿ ಎದೆಯುಬ್ಬಿಸಿದ. “ಕೈ ಸೆಟೆದುಕೊಳ್ತು ಅಂದ್ಲು. ನಾನೇ ಬಿಸಿನೀರು ತರಿಸಿ ಅದ್ದಿಸ್ದೆ ಮೇಡಂ. ಕೆಂಪಗಾದ ಮೇಲೇ ಒಳಗೆ ಕಳಿಸಿದ್ದು. ಮತ್ತೆ ಸೆಟೆದುಕೊಳ್ತು, ಮತ್ತೆ ಬಿಸಿನೀರು. ಯಾವ ಮೇಸ್ತ್ರಿ ಮಾಡ್ತಾನೆ ಹೇಳಿ?”

“ಕರಗಿದ ಕೈಯನ್ನ ಮತ್ತೆ ಫ್ರೀಜರಿಗೆ ಹಾಕಿದ್ರಾ? ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.”

ಕೆಂಡಕ್ಕ ನೋವಿನಲ್ಲೇ ನಕ್ಕಳು. “ಕರಗಿದ ಮೀನನ್ನ ಮತ್ತೆ ಫ್ರೀಜರಿಗಿಟ್ರೆ ಇವ್ನು ನಮ್ಮ ಚರ್ಮ ಸುಲೀತಾನೆ ಮೇಡಂ, ಮಾಲು ಕೆಡುತ್ತೆ ಅಂತ. ನಮ್ಮ ಕೈ ಯಾವ ಮೀನು ಹೇಳಿ!”

ಡಾಕ್ಟರಮ್ಮ ಅವಳ ತೋಳಿಗೆ ಬಣ್ಣದ ಔಷಧಿ ಚುಚ್ಚಿ, ಕೈಯ ಮೇಲೆ ಕ್ಯಾಮೆರಾ ಬಗ್ಗಿಸಿದರು. “ರಕ್ತ ಹರಿಯೋ ಕಡೆ ಬೆಳಗುತ್ತೆ. ಅಲ್ಲಾಡಬೇಡ.”

ಪರದೆಯಲ್ಲಿ ಅಂಗೈ ಬೆಳಗಿತು. ಹೆಬ್ಬೆರಳು ತುದಿಯವರೆಗೂ ಹೊತ್ತಿಕೊಂಡಿತು. ಉಳಿದ ನಾಲ್ಕರಲ್ಲಿ ಬೆಳಕು ನಡುಗೆಣ್ಣಿನವರೆಗೆ ಹತ್ತಿ ನಿಂತುಬಿಟ್ಟಿತು. ಅಲ್ಲಿಂದಾಚೆ ಬರೀ ಕತ್ತಲೆ.

“ಈಗಲೇ ಡ್ರಿಪ್ ಹಾಕಿದ್ರೆ ರಕ್ತನಾಳ ತೆರೆದು ಒಂದಷ್ಟು ಉಳೀಬಹುದು. ಅಡ್ಮಿಟ್ ಆಗ್ಬೇಕು. ಮತ್ತೆ ಚಳಿ ತಗುಲಿದ್ರೆ ನಾಲ್ಕೂ ಹೋಗುತ್ತೆ.”

ಮೇಸ್ತ್ರಿ ಪರದೆ ಇಣುಕಿದ. “ಹೆಬ್ಬೆರಳಿದೆಯಲ್ಲ ಮೇಡಂ, ಸಾಕು. ಕಟ್ಟು ಹಾಕಿ ಕಳ್ಸಿ. ಎಡಗೈಲಿ ಪೆಟ್ಟಿಗೆ ತಳ್ತಾಳೆ. ಲಾರಿ ಬಂದು ನಿಂತಿದೆ.”

“ನಿನ್ನ ಲಾರಿಗೆ ಬೆಂಕಿ ಬೀಳ! ನಾನು ಏಳಲ್ಲ ಕಣೋ.”

“ಬಿದ್ದಿರು. ಇನ್ಮೇಲೆ ಗೇಟಿನ ಹತ್ರ ಮುಖ ತೋರಿಸ್ಬೇಡ.” ಅವನು ನಾದಿನಿಯತ್ತ ತಿರುಗಿದ. “ಏಯ್, ನೀನು ನಡಿ. ಇವಳ ಪಾಲಿನ ಪೆಟ್ಟಿಗೇನೂ ನಿಂದೇ.”

ನಾದಿನಿ ಬಾಗಿಲತ್ತ ಹೊರಟವಳು ಅರ್ಧದಲ್ಲೇ ತಿರುಗಿದಳು. ಅವನನ್ನು ಮೊಣಕೈಯಿಂದ ಸರಿಸಿ ಬಂದು, ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದಳು.

“ಅತ್ತಿಗೇ, ಸ್ವಲ್ಪ ಜರುಗು. ನಂದೂ ನೋಡ್ಲಿ.”

“ಏಯ್ ಬೋಸುಡಿ!” ಮೇಸ್ತ್ರಿ ಕೂಗಿದ. ನಾದಿನಿ ಅವನನ್ನೇ ದುರುಗುಟ್ಟಿ ನೋಡುತ್ತ ನಿಂತಳು. ಡಾಕ್ಟರಮ್ಮ ಸೂಜಿ ತೆಗೆದುಕೊಂಡು ಅವಳ ಬಿಳಿಚಿದ ಬೆರಳ ತುದಿಗಳ ಮೇಲೆ ಬಗ್ಗಿದರು.

“ಗೊತ್ತಾಯ್ತೇನಮ್ಮ?”

“ಇನ್ನೂ ಚುಚ್ಚೇ ಇಲ್ವಲ್ಲ ಮೇಡಂ,” ಎಂದಳು ನಾದಿನಿ.

ಸೂಜಿ ಬೆರಳಲ್ಲಿ ನೆಟ್ಟಗೆ ನಿಂತಿತ್ತು.