ಮಂಗಳವಾರದ ಮೆಟ್ಟಿಲು

"ಮುಳುಗ್ಲಾ, ಬೋಳಿಮಗನೆ! ಬಲೆ ಬಂಡೆಗೆ ಸಿಕ್ಕಂಡು ಹರೀತಾ ಅದೆ. ನಾಳೆಯಿಂದ ಹೆಂಡ್ರ ಬಟ್ಟೆ ಉಟ್ಕಂಡ್ ಬತ್ತೀಯೇನ್ಲಾ?"

ದೋಣಿಯ ಒಡೆಯ ಎಸ್ಸುಮಾನ್ ಹುಟ್ಟಿನ ತುದಿಯಿಂದ ಬೆನ್ನಿಗೆ ತಿವಿದಾಗ ಕ್ವಾಮೆನಾ ನೀರಿಗೆ ಬಿದ್ದನು. ಸಿಕ್ಕಿದ ಬಲೆಯನ್ನು ಬಿಡಿಸುವುದು ಆ ದೋಣಿಯಲ್ಲಿ ಅವನ ಪಾಲಿನ ಕೆಲಸ. ಬಂಡೆಯ ಬುಡದಲ್ಲಿ ಗಂಟು ಸಡಿಲಿದ್ದೇ ತಡ, ಐದು ಬೆರಳುಗಳು ಅವನ ಬಲ ಕಣಕಾಲನ್ನು ಹಿಡಿದವು.

ಆನ್ಸಾನ ಬೆರಳುಗಳು. ಹೋದ ಮಳೆಗಾಲದಲ್ಲಿ ದೋಣಿ ಮಗುಚಿದಾಗ ಹೀಗೆಯೇ ಹಿಡಿದುಕೊಂಡಿದ್ದ ಗೆಳೆಯನನ್ನು ಕ್ವಾಮೆನಾ ಒದ್ದು, ಬಿಡಿಸಿಕೊಂಡು ಮೇಲೆ ಬಂದಿದ್ದನು. ಆನ್ಸಾ ಬರಲಿಲ್ಲ.

ಈ ಸಲ ಒದೆಯಲು ಅವನಿಗೆ ಮನಸ್ಸಾಗಲಿಲ್ಲ. ಅಲ್ಲಿಯೇ ಇದ್ದುಬಿಡೋಣವೆನ್ನಿಸಿತು. ಸೊಂಟಕ್ಕೆ ಕಟ್ಟಿದ್ದ ಹಗ್ಗವನ್ನು ದೋಣಿಯಲ್ಲಿದ್ದ ಕಿರಿಯ ಜೊತೆಗಾರ ಕೋಜೋ ಮೇಲಕ್ಕೆ ಎಳೆಯದಿದ್ದರೆ ಇದ್ದೇಬಿಡುತ್ತಿದ್ದನು.

"ಯಾಕಣ್ಣಾ ಇಷ್ಟೊತ್ತು?"

"ಏನಿಲ್ಲ ಕಣ್ಲಾ." ಉರಿಬಿಸಿಲಿನಲ್ಲಿ ಅವನ ಹಲ್ಲುಗಳು ಕಟಕಟಿಸುತ್ತಿದ್ದವು.

ಮರುದಿನ ಮಂಗಳವಾರ. ಅಂದು ಕಡಲು ದೇವರದು. ಯಾರೂ ದೋಣಿ ಇಳಿಸುವುದಿಲ್ಲ. ಊರ ಗಂಡಸರೆಲ್ಲ ದಡದಲ್ಲಿ ಬಲೆ ಹೊಲಿಯುತ್ತ ಕೂರುತ್ತಾರೆ. ಮನಸ್ಸಿನ ಕಾಯಿಲೆ ನೋಡುವ ನರ್ಸು ಆರಾಬಾ ಪಟ್ಟಣದಿಂದ ಬರುವುದೂ ಅದೊಂದೇ ದಿನ. ಅವಳ ಕೋಣೆಯ ಬಾಗಿಲು ತೆರೆಯುವುದು ಆ ದಡಕ್ಕೇ. ಗಂಡಸೊಬ್ಬ ಆ ಕೋಣೆಯ ಮೆಟ್ಟಿಲು ಹತ್ತಿದ್ದನ್ನು ಊರು ಕಂಡಿರಲಿಲ್ಲ.

"ಪಾದ್ರಿ ತಾವ ಹೋಗವಾ. ಅಲ್ಲಾದ್ರೆ ಯಾರೂ ನಗಾಡಕಿಲ್ಲ," ನರ್ಸಿನ ಹತ್ತಿರ ಹೋಗುತ್ತೇನೆಂದ ಕ್ವಾಮೆನಾನಿಗೆ ಹೆಂಡತಿ ಏಫುವಾ ಎಂದಳು, ಜೋಳದ ಕೆಂಕೆ ಕಡುಬಿನ ಎಲೆ ಬಿಚ್ಚಿ ಮುಂದಿಡುತ್ತ.

"ಹೋದ ವರ್ಸ ಹುಚ್ಚು ಬಿಡಿಸ್ತೀನಿ ಅಂತ ಕ್ವೇಕುನ್ನ ಮರಕ್ಕೆ ಸರಪಣಿ ಹಾಕಿ ಬಿಗಿದ್ನಲ್ಲ, ಅದೇ ಪಾದ್ರಿ ತಾನೆ? ಕ್ವೇಕುನೂ ಈಗ ನಗಾಡಕಿಲ್ಲ." ಊಟ ಮುಟ್ಟದೆ ಎದ್ದನು.

ದಡದ ಉದ್ದಕ್ಕೂ ಅವನು ಹಾದಲ್ಲೆಲ್ಲ ಬಲೆ ಹೊಲಿಯುವ ಸೂಜಿಗಳು ನಿಂತವು.

"ದಾರಿ ತಪ್ತೇನಣ್ಣಾ? ಹೆಂಡದಂಗಡಿ ಈ ಕಡೆ!"

"ಬಸುರಿ ಕಣ್ರಲಾ, ಎಂಟು ತಿಂಗ್ಳು! ದಾರಿ ಬಿಡಿ!"

ಕೋಜೋ ಮಾತ್ರ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದನು.

ಎಸ್ಸುಮಾನ್ ಎದ್ದು ನಿಂತನು. "ಲೇ, ಹುಚ್ಚು ಹಿಡಿದೋನು ಕಾಲಿಟ್ಟ ದೋಣಿಗೆ ಮೀನು ಬರಾಕಿಲ್ಲ. ಆ ಮೆಟ್ಟಿಲು ತುಳಿದ್ರೆ ನನ್ನ ದೋಣಿ ತುಳೀಬ್ಯಾಡ. ಈ ದಡದಾಗೆ ಯಾವನೂ ನಿನ್ನ ಹತ್ತಿಸ್ಕಳಾಕಿಲ್ಲ, ನೋಡ್ಕೋ!"

ಕ್ವಾಮೆನಾ ಮೆಟ್ಟಿಲ ಬುಡದಲ್ಲಿ ನಿಂತನು. ಹಿಂದಿರುಗಿದರೆ ಬುಧವಾರ. ಬುಧವಾರವೆಂದರೆ ಆ ಬಂಡೆ, ಅದರ ಬುಡದಲ್ಲಿ ಕಾದಿರುವ ಬೆರಳುಗಳು.

"ಧಣೀ, ನಂಗೆ ಹೆದ್ರಿಕೆ ಆಯ್ತದೆ," ಎಂದನು. ಮೆಟ್ಟಿಲು ಹತ್ತಿದನು.

ಆರಾಬಾ ಬಾಗಿಲು ಮುಚ್ಚಲು ಕೈಚಾಚಿದಳು.

"ಬ್ಯಾಡ ತಾಯಿ, ತೆಗೆದೇ ಇರ್ಲಿ. ನೋಡ್ಲಿ ಬಡ್ಡೆತ್ತವು."

"ಎಲ್ಲಿ ನೋಯ್ತದಪ್ಪಾ?"

ಗೀರೊಂದೂ ಇಲ್ಲದ ಬಲಗಾಲನ್ನು ಬೆಂಚಿನ ಮೇಲಿಟ್ಟನು. ಹೊರಗೆ, ಎಸ್ಸುಮಾನ್ ದೋಣಿಯಿಂದ ಎಸೆದ ಕ್ವಾಮೆನಾನ ಹುಟ್ಟು ಮರಳಿಗೆ ಬಿದ್ದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ.

"ಇಲ್ಲಿ. ಐದು ಬೆಳ್ಳು ತಾಯೀ. ಇನ್ನೂ ಬಿಟ್ಟಿಲ್ಲ."